ಜೇಬಿಲ್ಲದ ಬಿಳಿ ಫ್ರಾಕು

ಮೊಮ್ಮಕ್ಕಳಲ್ಲಿ ಚಿಕ್ಕವನಿಗೆ ಈ ವರ್ಷ ಚರ್ಚಿನಲ್ಲಿ ಮೊದಲ ಪರಮಪ್ರಸಾದ. ಅದಕ್ಕೆ ಮುಂಚೆ, ಗುರುಗಳ ಮುಂದೆ ಪಾಪ ಹೇಳಿಕೊಳ್ಳುವ ಮೊದಲ ಪಾಪನಿವೇದನೆ. ಮೊನ್ನೆ ಊಟಕ್ಕೆ ಕೂತಾಗ "ಫಾದರ್ ಹತ್ರ ಏನ್ ಹೇಳ್ಬೇಕು?" ಎಂದು ಅವನು ಎಲ್ಲರ ಮುಖವನ್ನೂ ನೋಡಿದ. ಎಂಟನೇ ತರಗತಿಯಲ್ಲಿರುವ ಅವನ ಅಕ್ಕ ಚಪಾತಿ ಮುರಿಯುತ್ತಾ, "ಅಜ್ಜಿನ್ ಕೇಳು. ಅದ್ರಲ್ಲಿ ಅಜ್ಜಿಗೆ ತುಂಬಾ ಎಕ್ಸ್‌ಪೀರಿಯೆನ್ಸು" ಎಂದಳು. ನಾನು ಸಾರಿನ ಪಾತ್ರೆ ತರುವ ನೆಪದಲ್ಲಿ ಒಳಗೆ ಹೋದೆ.

ನಾಲ್ಕು ಜನರ ಮುಂದೆ ಮಾತಾಡುವುದು ನನಗೆ ಮೊದಲಿನಿಂದಲೂ ಬಾರದು. ಊರಿನ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವಳು, ನಿಧಾನವಾಗಿ ಬರೆಯಬಲ್ಲೆ. ದೊಡ್ಡವಳ ಹಳೆಯ ನೋಟ್‌ಬುಕ್ಕಿನಲ್ಲಿ ಹಾಳೆಗಳು ಉಳಿದಿದ್ದವು. ಅದರಲ್ಲಿ ಬರೆಯುತ್ತಿದ್ದೇನೆ. ಇದು ಅವಳ ವಿಷಯವೂ ಆದ್ದರಿಂದ ಅವಳನ್ನು ಕೇಳಿಯೇ ಕೂತೆ. "ಬರಿ ಅಜ್ಜಿ, ಆದ್ರೆ ನನ್ ಹೆಸರು ಬೇಡ" ಎಂದಳು. ಅವಳ ಹೆಸರಿಲ್ಲದ ಮೇಲೆ ಉಳಿದವರದ್ದು ಯಾಕೆ ಎಂದು ಯಾರ ಹೆಸರನ್ನೂ ಹಾಕಿಲ್ಲ. ಆರ್.ಟಿ. ನಗರದ ಮಗಳ ಮಕ್ಕಳೂ ಇದನ್ನು ಓದಬೇಕು. ನಿಮಗೆ ಕನ್ನಡ ಓದಲು ನಿಧಾನವಾದರೆ ನಿಮ್ಮಮ್ಮನಿಂದ ಓದಿಸಿಕೊಳ್ಳಿ.

ನಮ್ಮ ಮನೆಯ ಸ್ತೋತ್ರದ ಪದ್ಧತಿ ನಿಮಗೆಲ್ಲ ಗೊತ್ತು. ಸಂಜೆ ಜಪಸರ ಮುಗಿದ ಮೇಲೆ ಮಕ್ಕಳು ಮನೆಯ ದೊಡ್ಡವರ ಮುಂದೆ ಒಬ್ಬೊಬ್ಬರಾಗಿ ಬಂದು, ಕೈ ಮುಗಿದು "ಸ್ತೋತ್ರ" ಅನ್ನಬೇಕು. ದೊಡ್ಡವರು ಹೆಬ್ಬೆರಳಿನಿಂದ ಮಕ್ಕಳ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಬೇಕು. ದೊಡ್ಡಬಳ್ಳಾಪುರದ ಆಚೆಯ ನಮ್ಮೂರಿನಿಂದ ನನ್ನ ಜೊತೆ ಬಂದ ಪದ್ಧತಿ ಇದು. ಹಗಲಲ್ಲಿ ಎಷ್ಟೇ ಬೈಸಿಕೊಂಡಿದ್ದರೂ ಆ ಹೊತ್ತಿನಲ್ಲಿ ಮಕ್ಕಳು ಮುಂದೆ ಬಂದು ನಿಲ್ಲಲೇಬೇಕು, ನಾವು ಮುಟ್ಟಲೇಬೇಕು. ಅಷ್ಟಾದರೆ ಆ ದಿನದ ಕೋಪ ಮುಗಿದಂತೆ.

ನಿಮ್ಮ ತಾತ ಇದ್ದಾಗ ಮೊದಲ ಸ್ತೋತ್ರ ಅವರಿಗೆ. ಯಲಹಂಕದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಹೆಬ್ಬೆರಳು ಒರಟು. "ತಾತ, ಗೀಚುತ್ತೆ" ಎಂದು ದೊಡ್ಡವಳು ಹಣೆ ಉಜ್ಜಿಕೊಳ್ಳುತ್ತಾ ನಗುತ್ತಿದ್ದಳು. ಅವರು ಹೋದ ಮೇಲೆ ಅವರ ಫೋಟೋವನ್ನು ದೇವರ ಪೀಠದ ಪಕ್ಕದ ಗೋಡೆಗೆ ಹಾಕಿದೆವು. ಚಿಕ್ಕವನಿಗೆ ಆಗ ಮೂರು ವರ್ಷ. ಅವನನ್ನು ಅವನ ಅಪ್ಪ ಎತ್ತಿ ಹಿಡಿದು ಫೋಟೋಗೂ ಸ್ತೋತ್ರ ಹೇಳಿಸುತ್ತಿದ್ದ. ದೊಡ್ಡವಳು ಮಾತ್ರ ಹೇಳುತ್ತಿರಲಿಲ್ಲ. ಅಪ್ಪನಿಗೆ, ಅಮ್ಮನಿಗೆ, ನನಗೆ ಸ್ತೋತ್ರ ಹೇಳಿ, ಫೋಟೋದ ಕಡೆ ಬೆನ್ನು ಹಾಕಿ ಒಳಗೆ ಹೋಗಿಬಿಡುತ್ತಿದ್ದಳು. ನಾನು ಅದನ್ನು ಗಮನಿಸಿದ್ದೆ. ಕೇಳಲಿಲ್ಲ. ಕೇಳದೆ ಇರುವುದು ನನಗೆ ಸುಲಭ.

ತಾತನಿಗೆ ಶುಗರ್ ಇತ್ತು. ಸಿಹಿ ಬಿಡಬೇಕೆಂದು ಡಾಕ್ಟರು ಹೇಳಿದ ದಿನವೇ ಸೊಸೆ ಸಕ್ಕರೆ ಡಬ್ಬಿಯನ್ನು ಅಡುಗೆಮನೆಯ ಅಟ್ಟಕ್ಕೇರಿಸಿದಳು. ಅವಳು ಅವರ ಒಳ್ಳೆಯದಕ್ಕೇ ಮಾಡಿದ್ದು. ಆದರೆ ಅವರು ಬೆಳಗಿನ ಕಾಫಿ ಲೋಟವನ್ನು ಕೈಯಲ್ಲಿ ಹಿಡಿದು ಸುಮ್ಮನೆ ಅದನ್ನೇ ನೋಡುತ್ತಾ ಕೂರುತ್ತಿದ್ದರು. ಮೂರು ದಿನ ನೋಡಿದೆ. ನಾಲ್ಕನೇ ದಿನ ಒಂದು ಚೂರು ಬೆಲ್ಲ ಹಾಕಿದೆ. ಅವರು ಒಂದು ಗುಟುಕು ಕುಡಿದು ನನ್ನ ಕಡೆ ನೋಡಿ, "ಸೊಸೆಗೆ ಹೇಳ್ಬೇಡ" ಎಂದರು. ಆಮೇಲೆ ಅದು ದಿನವೂ ನಡೆಯಿತು. ಚೂರು ಹೋಗಿ ಉಂಡೆಯಾಯಿತು.

ಒಂದು ಬೆಳಿಗ್ಗೆ ಆ ಕಾಫಿ ಕುಡಿದು ಪೇಪರ್ ಹಿಡಿದು ಜಗಲಿಯಲ್ಲಿ ಕೂತರು. ಲೋಟ ತೆಗೆದುಕೊಂಡು ಹೋಗಲು ಬಂದಾಗ ಪೇಪರ್ ತೊಡೆಯ ಮೇಲಿತ್ತು, ಅವರಿರಲಿಲ್ಲ. ಹೆಬ್ಬಾಳದ ಆಸ್ಪತ್ರೆಯಲ್ಲಿ ಹಾರ್ಟ್ ಎಂದರು. ನಾನು ಆ ಮಾತನ್ನು ಕೇಳಿಸಿಕೊಂಡೆ, ನಂಬಲಿಲ್ಲ. ತೊಳೆಯದ ಲೋಟದ ತಳದಲ್ಲಿ ಬೆಲ್ಲದ ಕಪ್ಪು ಗಸಿ ಅಂಟಿಕೊಂಡಿದ್ದನ್ನು ನಾನು ನೋಡಿದ್ದೆ.

ಅಂದಿನಿಂದ ನಾನು ಪರಮಪ್ರಸಾದ ತೆಗೆದುಕೊಳ್ಳುವುದನ್ನು ಬಿಟ್ಟೆ. ಭಾರವಾದ ಪಾಪ ಮನಸ್ಸಿನಲ್ಲಿದ್ದರೆ ಅದನ್ನು ಗುರುಗಳ ಮುಂದೆ ಹೇಳಿಕೊಳ್ಳದೆ ಪ್ರಸಾದಕ್ಕೆ ಹೋಗಬಾರದು ಎಂದು ನಮಗೆ ಚಿಕ್ಕಂದಿನಲ್ಲಿ ಕಲಿಸಿದ್ದರು. ಹೇಳಿಕೊಳ್ಳೋಣ ಎಂದರೆ ಇಲ್ಲಿನ ಚರ್ಚಿನಲ್ಲಿ ಎರಡು ಕುರ್ಚಿ ಎದುರುಬದುರು ಹಾಕಿರುತ್ತಾರೆ. ನಮ್ಮೂರಿನಲ್ಲಿ ಮರದ ಗೂಡಿನಲ್ಲಿ ಸ್ವಾಮಿಗಳು ಕೂರುತ್ತಿದ್ದರು, ನಡುವೆ ತೂತುಗಳ ಹಲಗೆ. ಮುಖ ಕಾಣುತ್ತಿರಲಿಲ್ಲ. ಇಲ್ಲಿ ಮಗನ ವಯಸ್ಸಿನ ಗುರುಗಳ ಮುಖಕ್ಕೆ ಮುಖ ಕೊಟ್ಟು, ನನ್ನ ಗಂಡನನ್ನು ನಾನೇ ಕಳೆದುಕೊಂಡೆ ಎಂದು ಹೇಗೆ ಹೇಳಲಿ? ಭಾನುವಾರದ ಪೂಜೆಯಲ್ಲಿ ಎಲ್ಲರೂ ಸಾಲಿನಲ್ಲಿ ಮುಂದೆ ಹೋಗುವಾಗ ನಾನು ಬೆಂಚಿನಲ್ಲೇ ಕೂರುತ್ತಿದ್ದೆ. ಯಾರಾದರೂ ತಿರುಗಿ ನೋಡಿದರೆ ಮಂಡಿ ಒತ್ತಿಕೊಳ್ಳುತ್ತಿದ್ದೆ. ಮಂಡಿನೋವು ಸುಳ್ಳಲ್ಲ, ಆದರೆ ಅದು ಕಾರಣವೂ ಅಲ್ಲ. ಇನ್ನೂ ಪರಮಪ್ರಸಾದ ತೆಗೆದುಕೊಳ್ಳುವ ವಯಸ್ಸಾಗದ ದೊಡ್ಡವಳು ನನ್ನ ಪಕ್ಕದಲ್ಲೇ ಕೂತಿರುತ್ತಿದ್ದಳು. ಸಾಲು ಮುಂದೆ ಹೋಗಿ ಹಿಂದೆ ಬರುವವರೆಗೆ ಆ ಉದ್ದದ ಬೆಂಚಿನಲ್ಲಿ ನಾವಿಬ್ಬರೇ. ಅವಳು ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇರುತ್ತಿದ್ದಳು. ಅವಳು ಏನನ್ನಾದರೂ ಕಲಿಯುತ್ತಿದ್ದಾಳೆ ಎಂದು ನನಗೆ ಹೊಳೆಯಲಿಲ್ಲ.

ಅವಳು ಮೂರನೇ ತರಗತಿ ಮುಗಿಸಿದ ಬೇಸಿಗೆಯಲ್ಲಿ ಅವಳ ಮೊದಲ ಪರಮಪ್ರಸಾದ ಗೊತ್ತಾಯಿತು. ಬಿಳಿ ಬಟ್ಟೆ ತಂದೆವು. ಕೋಗಿಲಿನ ನಮ್ಮ ಬೀದಿಯ ತುದಿಯಲ್ಲಿ ಹೊಲಿಯುವ ಆಪಾ ನಿಮಗೆ ಗೊತ್ತಲ್ಲ, ದೊಡ್ಡವಳ ಫ್ರಾಕುಗಳನ್ನೆಲ್ಲ ಹೊಲಿದವಳು ಅವಳೇ. ಮನೆಯಲ್ಲಿ ಅವರದು ಉರ್ದು, ನಮ್ಮ ಹತ್ತಿರ ಕನ್ನಡ. ದೊಡ್ಡವಳಿಗೆ ಪ್ರತಿ ಫ್ರಾಕಿಗೂ ಎರಡು ಜೇಬು ಬೇಕೇ ಬೇಕು. ಇಲ್ಲವೆಂದರೆ ಅಂಗಡಿಯಲ್ಲೇ ಅಳು.

"ಈ ಸಲ ಜೇಬು ಎಷ್ಟು ದೊಡ್ಡದು ಇಡ್ಬೇಕು, ಮೇಡಂ?" ಆಪಾ ಟೇಪು ಹಿಡಿದು ತಮಾಷೆ ಮಾಡಿದಳು.

"ಜೇಬು ಬೇಡ."

"ಏನಂದೆ?"

"ಬೇಡ ಅಂದೆ. ಒಂದೂ ಬೇಡ."

ಆಪಾ ನನ್ನ ಮುಖ ನೋಡಿದಳು. "ಹೋದ್ ವರ್ಷ ಜೇಬು ಸಣ್ಣ ಆಯ್ತು ಅಂತ ನನ್ ಹತ್ರ ಜಗಳ ಆಡಿದ್ದು ಇದೇ ಹುಡುಗೀನಾ ಅಮ್ಮಾ? ಆಸ್ಪತ್ರೆಲಿ ಬದಲಾಯಿಸ್ದಂಗೆ ಎಲ್ಲಾದ್ರೂ ಬದಲಾಯಿಸ್ಕೊಂಡ್ ಬಂದ್ಬಿಟ್ರಾ?"

ದೊಡ್ಡವಳು ನಗಲಿಲ್ಲ. ಕೈ ಅಗಲಿಸಿ ಅಳತೆ ಕೊಟ್ಟಳು. ದಾರಿಯಲ್ಲಿ ಬರುತ್ತಾ ಯಾಕೆ ಎಂದು ಕೇಳಬೇಕೆಂದುಕೊಂಡೆ. ಕಾಂಡಿಮೆಂಟ್ಸ್ ಅಂಗಡಿ ದಾಟಿದೆವು, ನೀರಿನ ಟ್ಯಾಂಕಿ ದಾಟಿದೆವು, ಮನೆ ಬಂತು. ಕೇಳಲಿಲ್ಲ.

ಅದರ ಮುಂದಿನ ಭಾನುವಾರ ಧರ್ಮೋಪದೇಶ ತರಗತಿ ಮುಗಿಯುವುದನ್ನು ಕಾಯುತ್ತಾ ಚರ್ಚಿನ ಅಂಗಳದಲ್ಲಿ ಹೊಂಗೆ ಮರದ ಕೆಳಗೆ ಕೂತಿದ್ದೆ. ಮಕ್ಕಳೆಲ್ಲ ಓಡಿ ಬಂದರು. ದೊಡ್ಡವಳು ಕೊನೆಗೆ ಬಂದಳು, ಹಿಂದೆ ಸಿಸ್ಟರ್.

"ಅಜ್ಜಿ, ನಿಮ್ಮ ಹತ್ರ ಒಂದು ವಿಷ್ಯ" ಎಂದು ಸಿಸ್ಟರ್ ನನ್ನನ್ನು ಸ್ವಲ್ಪ ಪಕ್ಕಕ್ಕೆ ಕರೆದರು. "ನಿಮ್ಮ ಮೊಮ್ಮಗಳಿಗೆ ಎಲ್ಲಾ ಜಪಾನೂ ಬರುತ್ತೆ. ಕ್ಲಾಸಲ್ಲಿ ಅವಳೇ ಫಸ್ಟು. ಆದ್ರೆ ಪಾಪನಿವೇದನೆಗೆ ಬರಲ್ಲ ಅಂತಾಳೆ. ಪರಮಪ್ರಸಾದಾನೂ ಬೇಡವಂತೆ."

"ಹೆದರಿಕೆ ಇರ್ಬೇಕು ಸಿಸ್ಟರ್."

"ಹೆದರಿಕೆ ಅಲ್ಲ ಅಜ್ಜಿ. ನಾನು ಕೇಳ್ದೆ. ಯಾಕಮ್ಮ, ಎಲ್ಲರೂ ಪ್ರಸಾದ ತಗೊಳ್ಳುವಾಗ ನೀನು ಒಬ್ಳೇ ಕೂತಿರ್ತೀಯಾ ಅಂದೆ. ಅದಕ್ಕೆ..." ಸಿಸ್ಟರ್ ಸ್ವಲ್ಪ ತಡೆದರು. ಚಿಕ್ಕ ವಯಸ್ಸಿನವರು, ದೊಡ್ಡವರ ಮನಸ್ಸು ನೋಯಿಸಬಾರದೆಂಬ ಸಂಕೋಚ ಮುಖದಲ್ಲಿತ್ತು. "ಒಬ್ಳೇ ಅಲ್ಲ, ನಮ್ಮಜ್ಜಿನೂ ಹೋಗಲ್ಲ, ನಾನು ಅಜ್ಜಿ ಜೊತೆ ಕೂತ್ಕೋತೀನಿ ಅಂದ್ಲು."

ನಾನು ಸೆರಗು ಸರಿಮಾಡಿಕೊಂಡೆ. ಮಂಡಿ ಒತ್ತಿಕೊಳ್ಳಲು ಹೋದ ಕೈಯನ್ನು ಹಿಂದೆ ತೆಗೆದುಕೊಂಡೆ.

"ಬಲವಂತ ಮಾಡಲ್ಲ" ಎಂದರು ಸಿಸ್ಟರ್. "ಮುಂದಿನ ವರ್ಷಾನೂ ತಗೋಬಹುದು. ಶನಿವಾರ ನಾಲ್ಕು ಗಂಟೆಗೆ ಹೊರಗಿನ ಫಾದರ್‌ಗಳು ಬರ್ತಾರೆ. ಅಷ್ಟರೊಳಗೆ ಒಂದ್ಸಲ ನೀವು ಮಾತಾಡಿ ನೋಡಿ."

ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ನನ್ನ ಹೆಗಲಿಗೆ ತಲೆ ಇಟ್ಟು ನಿದ್ದೆ ಮಾಡಿದಳು. ನನಗೆ ಕಾರ್ಖಾನೆಯ ಗೋಡೆಯೂ ಕಾಣಲಿಲ್ಲ, ಸ್ಟಾಪೂ ಕಾಣಲಿಲ್ಲ. ಕಂಡಕ್ಟರ್ "ಕೋಗಿಲು ಅಂದ್ರಲ್ಲಾ ಅಮ್ಮ, ಇಳೀರಿ" ಎಂದು ಕೂಗಿದ ಮೇಲೆ ಎದ್ದೆ. ಜಪ ಕಲಿಸಿದವಳು ನಾನು, ಶಿಲುಬೆ ಗುರುತು ಹಾಕಿಕೊಳ್ಳಲು ಅವಳ ಕೈ ಹಿಡಿದು ತೋರಿಸಿದವಳು ನಾನು. ಅವಳು ಅವೆಲ್ಲವನ್ನೂ ಕಲಿತಿದ್ದಳು. ಅದರ ಜೊತೆಗೆ ಬೆಂಚಿನಲ್ಲಿ ಕೂತೇ ಇರುವುದನ್ನೂ ಕಲಿತಿದ್ದಳು.

ಅವಳ ಅಪ್ಪ ಅಮ್ಮ ಕೇಳಿದರು, ಗದರಿದರು, ಮುದ್ದು ಮಾಡಿದರು. "ನಂಗಿಷ್ಟ ಇಲ್ಲ" ಎಂಬ ಒಂದೇ ಮಾತು. ಸೊಸೆ ನನ್ನ ಹತ್ತಿರ, "ಅತ್ತೆ, ನಿಮ್ಮ ಮಾತು ಕೇಳ್ತಾಳೆ, ನೀವೇ ಹೇಳಿ" ಎಂದಳು. ಸೋಮವಾರ ಹೋಯಿತು. ಮಂಗಳವಾರ ಹೋಯಿತು. ಬಿಳಿ ಫ್ರಾಕು ಹೊಲಿದು ಬಂತು, ಬೀರುವಿನ ಬಾಗಿಲಿಗೆ ತೂಗುಹಾಕಿದೆವು.

ಗುರುವಾರ ಮಧ್ಯಾಹ್ನ ಬಿಸಿಲು ಇಳಿದ ಮೇಲೆ ತಾರಸಿಯ ನೆರಳಿನಲ್ಲಿ ಹುಣಸೆಹಣ್ಣು ಹರಡಿಕೊಂಡು ಕೂತೆ. ವರ್ಷದ ಹುಣಸೆಹಣ್ಣಿನ ಬೀಜ, ನಾರು ತೆಗೆದು ಉಂಡೆ ಕಟ್ಟಿಡುವ ಕೆಲಸ. ಅವಳನ್ನು ಜೊತೆಗೆ ಕರೆದೆ. ಕೈಗೆ ಕೆಲಸವಿದ್ದು ಕಣ್ಣು ಅದರ ಮೇಲಿದ್ದರೆ ನನಗೆ ಮಾತು ಸ್ವಲ್ಪ ಬರುತ್ತದೆ. ಅವಳು ಬೀಜಗಳನ್ನು ಪಗಡೆಗೆಂದು ಬೇರೆ ರಾಶಿ ಮಾಡುತ್ತಿದ್ದಳು. ನಾನು ನನ್ನ ಮೊದಲ ಪಾಪನಿವೇದನೆಯ ಕಥೆ ಶುರುಮಾಡಿದೆ.

ಆಗ ಅದನ್ನು ಪಾಪಸಂಕೀರ್ತನೆ ಅನ್ನುತ್ತಿದ್ದರು. ಚರ್ಚನ್ನು ನಮ್ಮೂರಿನಲ್ಲಿ ಗುಡಿ ಎಂದೇ ಕರೆಯುತ್ತಿದ್ದೆವು. ಸ್ವಾಮಿಗಳು ತಿಂಗಳಿಗೊಮ್ಮೆ ಬರುತ್ತಿದ್ದರು. ನನಗೆ ಎಂಟು ವರ್ಷ. ಗುಡಿಯ ಹಿಂದೆ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿದ್ದರು. ಏನು ಪಾಪ ಹೇಳಬೇಕೆಂದು ಯಾರಿಗೂ ಗೊತ್ತಿಲ್ಲ. ಏನೂ ಹೇಳದಿದ್ದರೆ ಸ್ವಾಮಿಗಳು ವಾಪಸ್ ಕಳಿಸುತ್ತಾರೆ ಎಂಬ ಭಯ. ನಮ್ಮಲ್ಲಿ ದೊಡ್ಡವಳಾದ ಒಬ್ಬ ಅಕ್ಕ ಎಲ್ಲರಿಗೂ ಪಾಪ ಹಂಚಲು ಶುರುಮಾಡಿದಳು.

"ನಿಂಗೆ ಸುಳ್ಳು. ನಿಂಗೆ ಬೆಲ್ಲ ಕದ್ದಿದ್ದು. ಲೇ, ನಿಂಗೆ ತಮ್ಮುನ್ನ ಒಡ್ದಿದ್ದು."

"ನಂಗೆ ತಮ್ಮನೇ ಇಲ್ವಲ್ಲಕ್ಕ."

"ಅಂಗಾರೆ ಕೋಳಿ ಒಡ್ದೆ ಅಂತ ಏಳು."

ಬೆಲ್ಲ ನನ್ನ ಪಾಲಿಗೆ ಬಂದಿತ್ತು. ಗೂಡಿನ ಮುಂದೆ ಮಂಡಿಯೂರಿ, ಬೆಲ್ಲ ಕದ್ದೆ ಸ್ವಾಮಿ ಎಂದೆ. ಸ್ವಾಮಿಗಳು ಪ್ರಾಯಶ್ಚಿತ್ತಕ್ಕೆ ಒಂದು ಪರಲೋಕ ಜಪ ಹೇಳಲು ಹೇಳಿದರು. ಹೇಳಿ ಮುಗಿಸಿ ಹೊರಗೆ ಬಂದು ಅರ್ಧ ದಾರಿ ನಡೆದಾಗ ಥಟ್ಟನೆ ನಿಂತೆ. ನಾನು ಬೆಲ್ಲ ಕದ್ದೇ ಇರಲಿಲ್ಲ. ಕದಿಯದೆ ಕದ್ದೆ ಎಂದಿದ್ದು ಸ್ವಾಮಿಗಳಿಗೆ ಹೇಳಿದ ಸುಳ್ಳು. ಅದಕ್ಕಿಂತ ದೊಡ್ಡ ಪಾಪ ಯಾವುದಿದೆ? ಸ್ವಾಮಿಗಳು ಆಗಲೇ ಸೈಕಲ್ ಹತ್ತಿ ಹೊರಟುಹೋಗಿದ್ದರು. ಇನ್ನು ಒಂದು ತಿಂಗಳು ಬರುವುದಿಲ್ಲ. ಹೇಳಿದ್ದನ್ನು ನಿಜ ಮಾಡಲು ಒಂದೇ ದಾರಿ ಕಂಡಿತು. ಮನೆಗೆ ಓಡಿ, ಮಡಕೆಗೆ ಕೈ ಹಾಕಿ, ಒಂದು ಹಿಡಿ ಬೆಲ್ಲ ತೆಗೆದು ಬಾಯಿಗೆ ತುರುಕಿಕೊಂಡೆ. ಅಷ್ಟರಲ್ಲಿ ನಮ್ಮವ್ವ ಬಂದಳು.

"ಪಾಪ ಕಳ್ಕೊಂಡ್ ಬಂದು ಒಂದ್ ಗಳಿಗೆ ಆಗಿಲ್ಲ, ಬೆಲ್ಲ ಕದೀತೀಯಾ ಮುಂಡೇದೆ?"

"ಇದುನ್ನ ಆಗ್ಲೇ ಏಳ್ಬುಟ್ಟಿವ್ನಿ ಕಣವ್ವ."

ದೊಡ್ಡವಳು ನಕ್ಕಳು. ಬೀಜ ಉರುಳಿಸಿಕೊಂಡು ನಕ್ಕಳು. ಎಷ್ಟೋ ತಿಂಗಳಾದ ಮೇಲೆ ಆ ನಗು ಕೇಳಿದೆ. "ಆಮೇಲೆ? ಹೊಡೆದ್ರಾ?"

"ಹೊಡೆದ್ರು. ಕೋಳಿ ಹೊಡೆದೋಳಿಗೆ ಏನೂ ಆಗ್ಲಿಲ್ಲ."

ಅವಳು ಇನ್ನೂ ನಗುತ್ತಿದ್ದಳು. ಆ ನಗು ನಿಲ್ಲುವ ಮೊದಲು ಹೇಳದಿದ್ದರೆ ಮತ್ತೆ ಹೇಳಲಾರೆ ಎನಿಸಿತು. ಹುಣಸೆಹಣ್ಣಿನ ನಾರು ಎಳೆಯುತ್ತಾ, ಅದನ್ನೇ ನೋಡುತ್ತಾ ಹೇಳಿದೆ. "ಬೆಲ್ಲದ್ದು ಇನ್ನೊಂದಿದೆ ಮಗಾ. ಅದು ನಿಜವಾದ್ದು. ತಾತಂಗೆ ದಿನಾ ಕಾಫಿಗೆ ಬೆಲ್ಲ ಹಾಕ್ತಿದ್ದೆ. ಯಾರಿಗೂ ಹೇಳ್ದೆ ಹಾಕ್ತಿದ್ದೆ. ಅವತ್ತು ಬೆಳಿಗ್ಗೆನೂ ಹಾಕ್ದೆ. ನಂಗೆ ಮಂಡಿನೋವಿಂದ ಪ್ರಸಾದಕ್ಕೆ ಹೋಗ್ದೆ ಇರೋದಲ್ಲ. ಇದಕ್ಕೆ."

ಕೆಳಗೆ ಬೀದಿಯಲ್ಲಿ ಹಳೇ ಪೇಪರಿನವನ ಕೂಗು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಯಿತು. ತಲೆ ಎತ್ತಿ ನೋಡಿದರೆ ಅವಳ ಮುಖ ಬಿಳುಚಿಕೊಂಡಿತ್ತು.

"ತಾತ ನಿನ್ನೂ ಕೇಳ್ತಿದ್ರಾ?" ಎಂದಳು.

ಆಮೇಲೆ ಬಂದದ್ದು ತುಂಡು ತುಂಡಾಗಿ. ಧರ್ಮೋಪದೇಶ ತರಗತಿಯಲ್ಲಿ ಜಪವನ್ನು ತಪ್ಪಿಲ್ಲದೆ ಹೇಳಿದವರಿಗೆ ಸಿಸ್ಟರ್ ಚಾಕಲೇಟು ಕೊಡುತ್ತಿದ್ದರು. ಇವಳು ಅದನ್ನು ತಿನ್ನದೆ ಜೇಬಿನಲ್ಲಿಟ್ಟು ತಂದು, ಯಾರೂ ಇಲ್ಲದಾಗ ತಾತನ ಕೈಗೆ ಕೊಡುತ್ತಿದ್ದಳು. ಒಂದು ಜೇಬು ಕರವಸ್ತ್ರಕ್ಕೆ, ಇನ್ನೊಂದು ತಾತನಿಗೆ. ಜಪ ಜಾಸ್ತಿ ಕಲಿತರೆ ಚಾಕಲೇಟು ಜಾಸ್ತಿ. ಅದಕ್ಕೇ ಅವಳು ಕ್ಲಾಸಿಗೇ ಫಸ್ಟು. "ಅಜ್ಜಿಗೆ ಹೇಳ್ಬೇಡ ಅಂತಿದ್ರು" ಎಂದಳು. ಯಾವುದೋ ಮಗುವಿನ ಹುಟ್ಟುಹಬ್ಬದ ಚಾಕಲೇಟೂ ಸೇರಿ, ಅವರು ಹೋಗುವ ಹಿಂದಿನ ಸಂಜೆ ಎರಡು ಕೊಟ್ಟಿದ್ದಳು.

"ಅಮ್ಮ ಹೇಳಿದ್ರು. ಸಿಹಿ ತಿಂದ್ರೆ ತಾತಂಗೆ ಏನಾದ್ರೂ ಆಗುತ್ತೆ ಅಂತ. ನಾನು ಕೊಟ್ಟೆ. ಆಯ್ತು."

ಎಂಟೂವರೆ ವರ್ಷದ ಮಗು. ಒಂಬತ್ತು ತಿಂಗಳು ಅದನ್ನು ಇಟ್ಟುಕೊಂಡು ಶಾಲೆಗೆ ಹೋಗಿದ್ದಳು, ಹೋಂವರ್ಕ್ ಮಾಡಿದ್ದಳು, ನನ್ನ ಪಕ್ಕ ಬೆಂಚಿನಲ್ಲಿ ಕೂತಿದ್ದಳು. ಇಬ್ಬರೂ ಒಂದೇ ಭಾರ ಹೊತ್ತು ಒಂದೇ ಬೆಂಚಿನಲ್ಲಿ ಕೂತಿದ್ದೆವು. ನನ್ನ ಹುಣಸೆಹಣ್ಣಿನ ಕೈಯಲ್ಲೇ ಅವಳನ್ನು ಹತ್ತಿರ ಎಳೆದುಕೊಂಡೆ. ಅವಳು ಅತ್ತಳು. ನಾನೂ ಅತ್ತಿರಬೇಕು.

ನೀರಿನ ಟ್ಯಾಂಕು ನೋಡಲು ಅವಳ ಅಪ್ಪ ಮೇಲೆ ಬಂದವನು ಬಾಗಿಲಲ್ಲೇ ನಿಂತಿದ್ದ. ಎಷ್ಟು ಕೇಳಿಸಿಕೊಂಡಿದ್ದನೋ. ಬಂದು ನೆಲದ ಮೇಲೆ ಕೂತ. ಒಂದು ಬೀಜ ತೆಗೆದುಕೊಂಡು ತಿರುಗಿಸುತ್ತಾ, "ಬ್ಯಾಟರಾಯನಪುರದ ಬೇಕರಿಯಲ್ಲಿ ವಾರಕ್ಕೊಂದು ದಿಲ್‌ಪಸಂದ್ ಕೊಡಿಸ್ತಿದ್ದೆ" ಎಂದ. "ಗಾಡೀಲಿ ಕೂತ್ಕೊಂಡೇ ತಿಂದು ಬಾಯಿ ಒರೆಸ್ಕೊಳ್ತಿದ್ರು. ನಿಮ್ಮಮ್ಮಂಗೆ ಹೇಳ್ಬೇಡ ಕಣೋ ಅಂತಿದ್ರು."

ದೊಡ್ಡವಳು ಮೂಗು ಒರೆಸಿಕೊಂಡು ಅವನನ್ನು ನೋಡಿದಳು. "ಅಪ್ಪಾ, ನೀನೂನಾ?"

ಸೊಸೆಗೂ ಹೇಳಬೇಕಾಯಿತು. ಮೂವರೂ ಅಡುಗೆಮನೆಯ ಬಾಗಿಲಲ್ಲಿ ನಿಂತೆವು. ಅವಳು ಒಲೆ ಆರಿಸಿ, ಕೈ ಒರೆಸಿಕೊಂಡು, ಎಲ್ಲವನ್ನೂ ಕೇಳಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ.

"ಮನೆ ತುಂಬಾ ಕಳ್ಳರು" ಎಂದಳು. ಆಮೇಲೆ ನನಗೆ, "ಅತ್ತೆ, ಬೆಲ್ಲದ ಡಬ್ಬಿ ತಿಂಗಳಿಗೆರಡು ಸಲ ಖಾಲಿ ಆಗ್ತಿತ್ತು. ನಂಗೆ ಗೊತ್ತಾಗ್ತಿರ್ಲಿಲ್ವಾ? ಮಾವ ಆ ಲೋಟ ಹಿಡ್ಕೊಂಡು ಕೂರೋದು ನಂಗೂ ನೋಡಕ್ಕಾಗ್ತಿರ್ಲಿಲ್ಲ. ಗೊತ್ತಿದ್ದೂ ಸುಮ್ನಿದ್ದೆ" ಎಂದಳು. ಅವಳು ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ತಾತನ ಹೃದಯದ ರಕ್ತನಾಳಗಳು ಎಷ್ಟೋ ವರ್ಷಗಳಿಂದ ಕಟ್ಟಿಕೊಂಡಿದ್ದವೆಂದು ಡಾಕ್ಟರು ಹೇಳಿದ್ದನ್ನು ನಿಧಾನವಾಗಿ ಹೇಳಿದಳು. ಎರಡು ಚಾಕಲೇಟಿನಿಂದ ಹಾಗಾಗುವುದಿಲ್ಲ ಎಂದಳು. ನನ್ನ ಕಡೆ ನೋಡಿ, ಒಂದು ಲೋಟ ಕಾಫಿಯಿಂದಲೂ ಆಗುವುದಿಲ್ಲ ಎಂದಳು.

"ಹಂಗಾದ್ರೆ ಪಾಪ ಅಲ್ವಾ?" ದೊಡ್ಡವಳು ಕೇಳಿದ್ದು ಅಮ್ಮನನ್ನಲ್ಲ, ನನ್ನನ್ನು.

ಅಲ್ಲ ಎಂದುಬಿಡಬಹುದಿತ್ತು. ಆದರೆ ಹೇಳಬೇಡ ಎಂದದ್ದನ್ನು ಬಚ್ಚಿಟ್ಟು ಬಚ್ಚಿಟ್ಟು ನಾವಿಬ್ಬರೂ ಏನಾಗಿದ್ದೆವೋ ಅದು ನನಗೆ ಗೊತ್ತಿತ್ತು. "ನಂಗೊತ್ತಿಲ್ಲ ಮಗಾ. ಹೋಗಿ ಕೇಳೋಣ" ಎಂದೆ.

"ಇಬ್ರೂ?"

"ಇಬ್ರೂ."

"ನೀನು ಮೊದ್ಲು ಹೋಗ್ಬೇಕು."

ಶನಿವಾರ ನಾಲ್ಕು ಗಂಟೆಗೆ ಚರ್ಚಿನ ನಾಲ್ಕು ಮೂಲೆಯಲ್ಲಿ ನಾಲ್ವರು ಗುರುಗಳು ಕೂತಿದ್ದರು. ಎದುರುಬದುರು ಕುರ್ಚಿಗಳು, ಮಕ್ಕಳ ಸಾಲುಗಳು. ಕೆಲವರು ಕೈಯಲ್ಲಿ ಚೀಟಿ ಹಿಡಿದಿದ್ದರು, ಒಬ್ಬ ಹುಡುಗ ಪಕ್ಕದವನ ಚೀಟಿ ಇಣುಕಿ ನೋಡುತ್ತಿದ್ದ. ಅಷ್ಟು ಮಕ್ಕಳ ನಡುವೆ ನಾನೊಬ್ಬಳೇ ನರೆತ ತಲೆಯವಳು. ಅಲ್ಲೇ ನಿಂತು ಮಂಡಿ ಒತ್ತಿಕೊಂಡೆ. ಈ ಸಲ ನಿಜವಾಗಿಯೂ ನೋವೇ ಇರಬಹುದು. ದೊಡ್ಡವಳು ಹಿಂದಿನಿಂದ ನನ್ನ ಸೆರಗು ಹಿಡಿದಿದ್ದಳು, ನಾನು ತಪ್ಪಿಸಿಕೊಂಡು ಹೋಗದಂತೆ.

ನಮ್ಮ ಸಾಲಿನ ಗುರುಗಳಿಗೆ ವಯಸ್ಸಾಗಿತ್ತು. ಕುರ್ಚಿಯಲ್ಲಿ ಕೂತೆ. ಮುಖ ಎತ್ತಲಾಗಲಿಲ್ಲ. "ಸ್ವಾಮಿ, ನನಗೆ ಮುಖ ನೋಡಿ ಹೇಳಕ್ಕೆ ಬರಲ್ಲ" ಎಂದೆ. ಅವರು ಏನೂ ಕೇಳದೆ ಎದ್ದು, ತಮ್ಮ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು, ಕಿವಿಯನ್ನು ನನ್ನ ಕಡೆ ಕೊಟ್ಟು ಕೂತರು. ಆ ಕಿವಿಗೆ ಹೇಳಿದೆ. ಅವರು ನನಗೆ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಎರಡೇ ಮಾತು. ಪ್ರಾಯಶ್ಚಿತ್ತ ಮೂರು ನಮೋ ಮರಿಯಾ.

ಎದ್ದು ಬಂದು ಬೆಂಚಿನಲ್ಲಿ ಕೂತಾಗ, ನಿಜ ಹೇಳಬೇಕೆಂದರೆ, ನನಗೆ ಸ್ವಲ್ಪ ಬೇಸರವೇ ಆಯಿತು. ಒಂಬತ್ತು ತಿಂಗಳು ಹೊತ್ತದ್ದಕ್ಕೆ ಮೂರೇ ಜಪವೇ ಎನಿಸಿತು. ಮೂರನ್ನೂ ಹೇಳಿ, ಸಾಲದೇನೋ ಎಂದು ನಾಲ್ಕನೆಯದನ್ನು ಶುರುಮಾಡಿದ್ದೆ. ಅಷ್ಟರಲ್ಲಿ ದೊಡ್ಡವಳು ಬಂದು ಪಕ್ಕದಲ್ಲಿ ಮಂಡಿಯೂರಿದಳು. ತುಟಿ ಅಲ್ಲಾಡಿಸಿ ಮುಗಿಸಿ, ನನ್ನ ಕಿವಿಯ ಹತ್ತಿರ ಬಂದಳು.

"ನಿಂಗೆಷ್ಟು?"

"ಕೇಳ್ಬಾರ್ದು."

"ಹೇಳಜ್ಜಿ."

"ಮೂರು."

"ನಂಗೂ ಮೂರೇ." ಅವಳಿಗೆ ಅದು ಬಹಳ ನ್ಯಾಯವಾಗಿ ಕಂಡಿತು.

ಮರುದಿನ ಬಿಳಿ ಫ್ರಾಕು, ತಲೆಗೆ ಬಿಳಿ ಹೂವಿನ ಕಿರೀಟ, ಕೈಯಲ್ಲಿ ಮೇಣದಬತ್ತಿ. ಮಕ್ಕಳೆಲ್ಲ ಮುಂದಿನ ಬೆಂಚುಗಳಲ್ಲಿ. ಅವರು ಪ್ರಸಾದ ತೆಗೆದುಕೊಂಡ ಮೇಲೆ ದೊಡ್ಡವರ ಸಾಲು ಎದ್ದಿತು. ನಾನೂ ಎದ್ದೆ. ಮುಂದೆ ನಡೆಯುತ್ತಾ ಮಕ್ಕಳ ಬೆಂಚು ದಾಟುವಾಗ, ಕೈ ಮುಗಿದು ಕಣ್ಣು ಮುಚ್ಚಿ ಕೂತಿರಬೇಕಾದವಳು ಒಂದು ಕಣ್ಣು ತೆರೆದು ನಾನು ಬರುತ್ತಿದ್ದೇನೆಯೇ ಎಂದು ನೋಡಿದಳು. ನೋಡಿ ಮತ್ತೆ ಮುಚ್ಚಿದಳು.

ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಸಿಸ್ಟರ್ ಪ್ರತಿ ಮಗುವಿಗೂ ಒಂದೊಂದು ಚಾಕಲೇಟು ಕೊಟ್ಟರು. ಫ್ರಾಕಿಗೆ ಜೇಬಿರಲಿಲ್ಲ. ಅವಳು ಅದನ್ನು ಮುಷ್ಟಿಯಲ್ಲೇ ಹಿಡಿದು ಬಸ್ಸು ಹತ್ತಿದಳು. "ತಿನ್ನು, ಕರಗುತ್ತೆ" ಎಂದು ಅವಳಮ್ಮ ಹೇಳಿದರೂ ತಿನ್ನಲಿಲ್ಲ. ಮನೆಗೆ ಬರುವಷ್ಟರಲ್ಲಿ ಮೇ ತಿಂಗಳ ಬಿಸಿಲಿಗೆ ಅದು ಬೆರಳುಗಳ ಸಂದಿಯಿಂದ ಇಳಿದು ಫ್ರಾಕಿನ ಮುಂಭಾಗಕ್ಕೆಲ್ಲ ಆಗಿತ್ತು. ಆಪಾ ಒಂದು ವಾರ ಕೂತು ಹೊಲಿದ ಫ್ರಾಕು.

ಚಪ್ಪಲಿ ಕಳಚಿ ಅವಳು ನೇರ ಫೋಟೋದ ಹತ್ತಿರ ಹೋದಳು. ಪೀಠದ ಮುಂದಿನ ಸ್ಟೂಲು ಎಳೆದುಕೊಂಡು ಹತ್ತಿದಳು. ಸಂಜೆಯ ಜಪಸರಕ್ಕೆ ಇನ್ನೂ ಹೊತ್ತಿತ್ತು. ಆದರೂ "ಸ್ತೋತ್ರ ತಾತ" ಎಂದು ಹಣೆಯನ್ನು ಗಾಜಿಗೆ ಒತ್ತಿದಳು. ಆಮೇಲೆ ಮುಷ್ಟಿ ಬಿಚ್ಚಿ, ಕರಗಿ ಅಂಟಿಕೊಂಡಿದ್ದ ಕಾಗದ ಬಿಡಿಸಿ, ಫೋಟೋಗೆ ತೋರಿಸಿದಳು.

"ಇವತ್ತು ನಾನೇ ತಿಂತೀನಿ" ಎಂದು ಹೇಳಿ, ಸ್ಟೂಲಿನ ಮೇಲೆ ನಿಂತೇ ಅಂಗೈಯನ್ನೆಲ್ಲ ನೆಕ್ಕಿದಳು.

ಫ್ರಾಕಿನ ಕಲೆ ಹೋಗಲಿಲ್ಲ. ನನ್ನ ಪೆಟ್ಟಿಗೆಯಲ್ಲಿದೆ, ಬೇಕಾದರೆ ನೋಡಿ. ಚಿಕ್ಕವನೇ, ನಿನ್ನ ಬಿಳಿ ಪ್ಯಾಂಟಿಗೆ ಜೇಬು ಎಷ್ಟಿಡಬೇಕೆಂದು ಆಪಾ ಕೇಳುತ್ತಿದ್ದಾಳೆ. ಶನಿವಾರ ನಾನೂ ಸಾಲಿನಲ್ಲಿ ಇರುತ್ತೇನೆ. ನಿನಗೆ ಬೇಕೆಂದರೆ ನಿನಗಿಂತ ಮುಂದೆ ನಿಲ್ಲುತ್ತೇನೆ.